ಗ್ರೇಡ್ 3 ಅಂತ ಬರೆದು, ‘ಒಳ್ಳೆಯ ಗುಂಪು’ ಅಂದರೆ ಹೇಗೆ?

ಪ್ರಶ್ನೆ: ಅಮ್ಮನಿಗೆ 58 ವರ್ಷ. ಗರ್ಭಕೋಶದ ಒಳಪದರದ ಕ್ಯಾನ್ಸರ್ ಅಂತ ಗರ್ಭಕೋಶ ತೆಗೆದಿದ್ದಾರೆ. ಪ್ಯಾಥಾಲಜಿ ರಿಪೋರ್ಟಿನಲ್ಲಿ ‘ಗ್ರೇಡ್ 3, ದೈತ್ಯ ಕೋಶಗಳಿವೆ, ಲಿಂಫೋಸೈಟ್ ಜಾಸ್ತಿ’ ಎಂದಿತ್ತು. ಓದಿ ಕೈಕಾಲು ತಣ್ಣಗಾಯಿತು. ಆಮೇಲೆ ಜೀನ್ ಪರೀಕ್ಷೆ ಮಾಡಿ ‘ಪೋಲ್-ಇ ಮ್ಯುಟೇಷನ್ ಇದೆ, ಸ್ಟೇಜ್ 1, ಒಳ್ಳೆಯ ಗುಂಪು’ ಎಂದರು. ಯಾವುದನ್ನು ನಂಬೋದು? ಕೋಶ ನೋಡಿಯೇ ಇದನ್ನು ಹೇಳಬಹುದಿತ್ತಲ್ವಾ?

ಉತ್ತರ: ಎರಡನ್ನೂ ನಂಬಿ. ಎರಡೂ ನಿಜ, ಆದರೆ ಎರಡೂ ಬೇರೆ ಬೇರೆ ವಿಷಯ ಹೇಳುತ್ತಿವೆ. ಗ್ರೇಡ್ ಅನ್ನೋದು ಗಡ್ಡೆ ನೋಡೋಕೆ ಹೇಗಿದೆ ಅನ್ನೋ ಲೆಕ್ಕ. ಅದು ಮುಂದೆ ಹೇಗೆ ನಡೆದುಕೊಳ್ಳುತ್ತದೆ ಅನ್ನೋದನ್ನು ಈ ಕ್ಯಾನ್ಸರಿನಲ್ಲಿ ಜೀನ್ ಎಷ್ಟೋ ಸಲ ಹೆಚ್ಚು ಚೆನ್ನಾಗಿ ಹೇಳುತ್ತದೆ.

ಕೋಶ ಒಡೆದು ಎರಡಾಗುವಾಗ ಡಿಎನ್‌ಎ ನಕಲಾಗಬೇಕು. ನಕಲು ಮಾಡುವ ಕಿಣ್ವವೊಂದಕ್ಕೆ ಪೋಲ್-ಇ ಜೀನ್ ಬೇಕು, ಆ ಕಿಣ್ವವೇ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ. ತಿದ್ದುವ ಭಾಗ ಕೆಟ್ಟರೆ ತಪ್ಪುಗಳು ಸಾವಿರಗಟ್ಟಲೆ ರಾಶಿ ಬೀಳುತ್ತವೆ, ಕೋಶದಲ್ಲಿ ವಿಚಿತ್ರ ಪ್ರೋಟೀನ್‌ಗಳು ಹುಟ್ಟುತ್ತವೆ, ದೇಹದ ಕಾವಲು ಪಡೆಗೆ ಅದು ಕಣ್ಣಿಗೆ ಬೀಳುತ್ತದೆ, ಲಿಂಫೋಸೈಟ್‌ಗಳು ಬಂದು ಮುತ್ತುತ್ತವೆ. ನಿಮ್ಮ ರಿಪೋರ್ಟಿನ ಆ ‘ಜಾಸ್ತಿ’ ಇದೇ. ದೊಡ್ಡ, ಅಂಕುಡೊಂಕಾದ ನ್ಯೂಕ್ಲಿಯಸ್‌ಗಳು, ದೈತ್ಯ ಕೋಶಗಳು ಕೂಡ ಈ ಗುಂಪಿನಲ್ಲಿ ಸಾಮಾನ್ಯ. ರೂಪ ಭಯಂಕರ, ಗುಣ ಸಾಧು ಅನ್ನಿ.

2013ರಲ್ಲಿ ದಿ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ತಂಡ 373 ಗಡ್ಡೆಗಳನ್ನು ಪರೀಕ್ಷಿಸಿ ನಾಲ್ಕು ಗುಂಪು ಮಾಡಿತು. ಪೋಲ್-ಇ ಅದರಲ್ಲಿ ಚಿಕ್ಕದು, ನೂರಕ್ಕೆ ಏಳೆಂಟು. ಎರಡನೆಯದು ಎಂಎಂಆರ್ ಕೊರತೆಯದು. ಡಿಎನ್‌ಎ ರಿಪೇರಿಯ ಇನ್ನೊಂದು ತಂಡ ಅಲ್ಲಿ ಕೆಲಸ ನಿಲ್ಲಿಸಿರುತ್ತದೆ, ಹಾಗಾಗಿ ಅಲ್ಲೂ ಲಿಂಫೋಸೈಟ್ ತುಂಬಿರುತ್ತವೆ. ತೊಂದರೆ ಇಲ್ಲೇ ನೋಡಿ! ಬರೀ ಸ್ಲೈಡ್ ನೋಡಿದರೆ ಈ ಎರಡು ಗುಂಪು ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಎಂಎಂಆರ್ ಕೊರತೆ ಇದ್ದವರಲ್ಲಿ ಕೆಲವರಿಗೆ ಲಿಂಚ್ ಸಿಂಡ್ರೋಮ್, ಅಂದರೆ ಹುಟ್ಟಿನಿಂದಲೇ ಬರುವ ಕ್ಯಾನ್ಸರ್ ಅಪಾಯ, ಇರಬಹುದು, ಅದು ಮಕ್ಕಳಿಗೂ ಬರಬಹುದಾದ್ದು, ಆದ್ದರಿಂದ ಸುಮ್ನೆ ಅಂದಾಜು ಮಾಡಿ ಬಿಡುವಂತಿಲ್ಲ.

ಮೂರನೆಯದು, ಕೋಶ ಹದ್ದು ಮೀರಿ ಬೆಳೆಯದಂತೆ ತಡೆಯುವ ಪಿ53 ಅನ್ನೋ ಜೀನ್ ಕೆಟ್ಟ ಗುಂಪು. ನಿಜವಾಗಿ ಹೆದರಬೇಕಾದ್ದು ಇದಕ್ಕೆ. ಸೀರಸ್ ಅನ್ನುವ ನಮೂನೆಯ ಗಡ್ಡೆಗಳಲ್ಲಿ ಬಹುಪಾಲು ಇಲ್ಲೇ ಬರುತ್ತವೆ, ನ್ಯೂಕ್ಲಿಯಸ್‌ಗಳು ಒಂದರಂತೆ ಒಂದಿರುವುದಿಲ್ಲ, ಒಡೆಯುತ್ತಿರುವ ಕೋಶಗಳು ಎಲ್ಲೆಡೆ. ನಾಲ್ಕನೆಯದರಲ್ಲಿ ಇವು ಮೂರೂ ಇರುವುದಿಲ್ಲ. ಅಲ್ಲಿ ಗ್ರಂಥಿಗಳು ಅಚ್ಚುಕಟ್ಟು, ಗ್ರೇಡ್ ಸಾಮಾನ್ಯವಾಗಿ ಕಡಿಮೆ, ಈಸ್ಟ್ರೋಜನ್ ರಿಸೆಪ್ಟರ್ ಪಾಸಿಟಿವ್.

ಪೋಲ್-ಇ ಗಡ್ಡೆಯಲ್ಲಿ ತಪ್ಪುಗಳ ರಾಶಿ ಬಿದ್ದಿರುವುದರಿಂದ ಪಿ53 ಕೂಡ ಕೆಟ್ಟಿರಬಹುದು, ಸ್ಟೇನ್ (ಪ್ರೋಟೀನ್ ಕಾಣುವಂತೆ ಸ್ಲೈಡಿಗೆ ಬಣ್ಣ ಹಾಕಿ ನೋಡುವ ಪರೀಕ್ಷೆ) ಅದನ್ನೂ ತೋರಿಸಬಹುದು. ಪೋಲ್-ಇ ಪರೀಕ್ಷೆ ಮಾಡದೆ ಬಿಟ್ಟರೆ ಒಳ್ಳೆಯ ಗುಂಪಿನವರನ್ನು ಕೆಟ್ಟ ಗುಂಪಿಗೆ ಸೇರಿಸಿ ಬೇಡದ ಕೀಮೋ ಕೊಟ್ಟ ಹಾಗಾಗುತ್ತದೆ. ಪಿ53, ಎಂಎಂಆರ್ ಎರಡಕ್ಕೂ ಸ್ಟೇನ್ ಸಾಕು, ಪೋಲ್-ಇಗೆ ಮಾತ್ರ ಜೀನ್ ಓದಲೇಬೇಕು. ಸ್ಲೈಡ್ ನೋಡಿ ಗುಂಪು ಊಹಿಸುವ ಕಂಪ್ಯೂಟರ್ ಪ್ರೋಗ್ರಾಂಗಳೂ ಬಂದಿವೆ, ಆದರೆ ಜೀನ್ ಪರೀಕ್ಷೆಯ ಜಾಗಕ್ಕೆ ನಾನಂತೂ ಅವನ್ನು ಕೂರಿಸಲಾರೆ.

ಸ್ಟೇಜಿಂಗ್, ಅಂದರೆ ಕ್ಯಾನ್ಸರ್ ಎಷ್ಟು ಹರಡಿದೆ ಅನ್ನೋ ಲೆಕ್ಕ, ಕೂಡ ಬದಲಾಗಿದೆ. ಸ್ತ್ರೀರೋಗ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಗೋದ 2023ರ ಪದ್ಧತಿಯಲ್ಲಿ ಸ್ಟೇಜ್ 1 ಅಥವಾ 2ರ ಪೋಲ್-ಇ ಗಡ್ಡೆ, ಗ್ರೇಡ್ ಎಷ್ಟೇ ಇರಲಿ, 1ಎ ಅಂತಲೇ ಲೆಕ್ಕ. ಇಂಥವರಿಗೆ ಆಪರೇಷನ್ ಆದ ಮೇಲೆ ರೇಡಿಯೇಷನ್, ಕೀಮೋ ಬಹುತೇಕ ಬೇಕಾಗುವುದಿಲ್ಲ.

ಡಾಕ್ಟರನ್ನು ಒಂದು ಮಾತು ಕೇಳಿ: ಮ್ಯುಟೇಷನ್ ಯಾವುದು? ಪೋಲ್-ಇಯಲ್ಲಿ ಕಂಡ ಬದಲಾವಣೆಯೆಲ್ಲ ಲೆಕ್ಕಕ್ಕೆ ಬರುವುದಿಲ್ಲ, ತಿದ್ದುವ ಭಾಗವನ್ನೇ ಕೆಡಿಸುವಂಥದ್ದಾಗಿರಬೇಕು. ರಿಪೋರ್ಟಿನಲ್ಲಿ ಪಿ286ಆರ್ ಅಥವಾ ವಿ411ಎಲ್ ಅಂತಿದ್ದರೆ ಅವು ಈ ಗುಂಪಿನಲ್ಲಿ ಪದೇ ಪದೇ ಕಾಣುವ ಹೆಸರುಗಳು. ಬೇರೆ ಏನಾದರೂ ಬರೆದಿದ್ದರೆ, ಅದು ಗೊತ್ತಿರುವ ಪಟ್ಟಿಯಲ್ಲಿದೆಯಾ ಅಂತ ಕೇಳಿಯೇ ಮುಂದಿನ ಚಿಕಿತ್ಸೆ ತೀರ್ಮಾನ ಮಾಡಿ.