ಸೀನರಿ ಇಲ್ಲದೆ ನಾಟಕ ಆಗುತ್ತಾ?

ತುಮಕೂರು ಕಡೆಯ ಹಳ್ಳಿಯೊಂದರಿಂದ ಪ್ರೌಢಶಾಲೆಯ ಮೇಷ್ಟ್ರೊಬ್ಬರು ಬರೆದಿದ್ದಾರೆ: 'ವಾರ್ಷಿಕೋತ್ಸವಕ್ಕೆ ಮಕ್ಕಳಿಂದ ನಾಟಕ ಆಡಿಸಬೇಕು. ನಾಟಕದ ಅಂಗಗಳು ಒಂದು ಪುಸ್ತಕದಲ್ಲಿ ಆರು, ಇನ್ನೊಂದರಲ್ಲಿ ಹತ್ತು ಅಂತಿವೆ. ನಮ್ಮ ಹತ್ತಿರ ಸೀನರಿಗೂ ಲೈಟಿಗೂ ದುಡ್ಡಿಲ್ಲ. ಯಾವುದು ಇರಲೇಬೇಕು, ಯಾವುದನ್ನು ಬಿಡಬಹುದು? ನಾನೇ ಬರೆದ ಮೊದಲ ದೃಶ್ಯವನ್ನು ಜೊತೆಗಿಟ್ಟಿದ್ದೇನೆ.'

ಮೇಷ್ಟ್ರೇ, ಆರು ಎಂದವನು ಅರಿಸ್ಟಾಟಲ್. ಕಥೆಯ ಹೆಣಿಗೆ, ಪಾತ್ರ, ವಿಚಾರ, ಮಾತು, ಹಾಡು, ಕಣ್ಣಿಗೆ ಕಾಣುವ ವೈಭವ. ಹೆಣಿಗೆಗೆ ಮೊದಲ ಸ್ಥಾನ ಕೊಟ್ಟ, ವೈಭವವನ್ನು ಕೊನೆಗೆ ತಳ್ಳಿದ. ಅವನು ಹೇಳಿದ್ದು ಗ್ರೀಕರ ದುರಂತ ನಾಟಕಗಳ ಬಗ್ಗೆ. ಅವು ನಡೆಯುತ್ತಿದ್ದದ್ದು ಬಯಲಿನಲ್ಲಿ, ಹಗಲಿನಲ್ಲಿ. ನೀವೂ ಸಂಜೆ ನಾಲ್ಕಕ್ಕೆ ಆಡಿಸಿ, ಲೈಟಿನ ಖರ್ಚು ಉಳಿಯಿತು.

ಬಿಡುತ್ತಾ ಹೋದರೆ ಕೊನೆಗೆ ಏನು ಉಳಿಯುತ್ತದೆ ಅಂತ ನೋಡಬೇಕಾದರೆ ತಾಳಮದ್ದಳೆಗೆ ಹೋಗಬೇಕು. ಕರಾವಳಿ, ಮಲೆನಾಡಿನವರಿಗೆ ಇದು ಗೊತ್ತಿರುವ ವಿಷಯ. ಯಕ್ಷಗಾನದ್ದೇ ಪ್ರಸಂಗ, ಭಾಗವತರು, ಚೆಂಡೆ ಮದ್ದಳೆ ಎಲ್ಲ ಇರುತ್ತದೆ. ವೇಷವಿಲ್ಲ, ಬಣ್ಣವಿಲ್ಲ, ಕುಣಿತವಿಲ್ಲ. ಪಾತ್ರಗಳ ಮಾತಾಡುವ ಅರ್ಥಧಾರಿಗಳು ಪಂಚೆ, ಶಾಲು ಹಾಕಿಕೊಂಡು ಕೂತಿರುತ್ತಾರೆ. ಎದ್ದು ನಿಲ್ಲುವುದೂ ಇಲ್ಲ. ಭಾಗವತರು ಪದ ಹೇಳಿ ಮುಗಿಸಿದ ಮೇಲೆ ಆಡುವ ಮಾತನ್ನು ಯಾರೂ ಬರೆದು ಕೊಟ್ಟಿರುವುದಿಲ್ಲ. ವಾಲಿಯ ಪ್ರಸಂಗವನ್ನೇ ತಗೊಳ್ಳಿ. ಬಾಣ ತಾಗಿ ಬಿದ್ದವನು ಕೇಳುತ್ತಾನೆ, ಮರೆಯಲ್ಲಿ ನಿಂತು ಯಾಕೆ ಹೊಡೆದೆ? ರಾಮ ಉತ್ತರ ಕೊಡಲೇಬೇಕು. ಕೊಟ್ಟ ಉತ್ತರದಲ್ಲೇ ವಾಲಿಗೆ ಮತ್ತೊಂದು ಪ್ರಶ್ನೆ ಸಿಗುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥ ಕೇಳಲು ಜನ ರಾತ್ರಿಯೆಲ್ಲ ಕೂರುತ್ತಿದ್ದರು. ಕಥೆಯ ಕೊನೆ ಅವರಿಗೆ ಮೊದಲೇ ಗೊತ್ತಿತ್ತು, ಅಲ್ವಾ?

ಅಂದರೆ ನಟ, ಪ್ರೇಕ್ಷಕ, ಪಾತ್ರಗಳ ನಡುವೆ ಇತ್ಯರ್ಥ ಆಗದ ಒಂದು ವಿಷಯ. ಈ ಮೂರು ಇಲ್ಲದೆ ಆಗದು. ಮಿಕ್ಕದ್ದೆಲ್ಲ ನಿಮ್ಮ ಕೈಚೀಲ ನೋಡಿಕೊಂಡು.

ಹಾಗಂತ ಸೀನರಿಯನ್ನು ನಾನು ಹೀಗಳೆಯುತ್ತಿಲ್ಲ. ಗುಬ್ಬಿ ಕಂಪನಿ 'ಕುರುಕ್ಷೇತ್ರ'ಕ್ಕೆ ಆನೆ, ಕುದುರೆಗಳನ್ನೇ ತಂದು ನಿಲ್ಲಿಸಿತ್ತು. ನಿಮ್ಮ ಸೀಮೆಯಲ್ಲಿ ಈಗಲೂ ಪೌರಾಣಿಕ ನಾಟಕ ಅಂದರೆ ದರ್ಬಾರ್ ಸೀನರಿ ಬಾಡಿಗೆಗೆ ಬರಬೇಕು, ಡ್ರಾಮಾ ಮೇಷ್ಟ್ರು ಹಾರ್ಮೋನಿಯಂ ಹಿಡಿಯಬೇಕು. ಆ ಸೊಗಸೇ ಬೇರೆ. ಅದು ಇಲ್ಲದಿದ್ದರೆ ನಾಟಕವೇ ಇಲ್ಲ ಅನ್ನುವ ಮಾತನ್ನು ಮಾತ್ರ ಒಪ್ಪಲಾರೆ.

ಈಗ ನಿಮ್ಮ ದೃಶ್ಯಕ್ಕೆ ಬರೋಣ. ಕೆರೆ ಕೋಡಿ ಒಡೆದಿದೆ. ಶಾನುಭೋಗರೂ ಗೌಡರೂ ಕೂತು ಅದು ಹೇಗೆ ಒಡೆಯಿತು ಅಂತ ಮೂರು ಪುಟ ಮಾತಾಡುತ್ತಾರೆ. ಇಬ್ಬರದೂ ಒಂದೇ ಅಭಿಪ್ರಾಯ. ಭಾಷೆ ಚೆನ್ನಾಗಿದೆ, ಆದರೆ ಏನೂ ನಡೆಯುವುದಿಲ್ಲ. ನಿಮ್ಮ ಕೊರತೆ ಇರುವುದು ಇಲ್ಲಿ, ಸೀನರಿಯಲ್ಲಿ ಅಲ್ಲ.

ಗಿರೀಶ ಕಾರ್ನಾಡರು 1964ರಲ್ಲಿ ಪ್ರಕಟಿಸಿದ 'ತುಘಲಕ್'ನ ಮೊದಲ ದೃಶ್ಯ ತೆಗೆದು ನೋಡಿ. ನ್ಯಾಯಾಲಯದ ಹೊರಗೆ ಜನ ಸೇರಿದ್ದಾರೆ. ವಿಷ್ಣುಪ್ರಸಾದ ಎಂಬ ಬ್ರಾಹ್ಮಣ ಸುಲ್ತಾನನ ಮೇಲೆಯೇ ದಾವೆ ಹೂಡಿ ಗೆದ್ದಿದ್ದಾನೆ. ಸುಲ್ತಾನ ಕಾಜಿಯ ತೀರ್ಪಿಗೆ ತಲೆಬಾಗುತ್ತಾನೆ, ಪರಿಹಾರವನ್ನೂ ಕೊಡುತ್ತಾನೆ. ಜನ ಚದುರಿದ ಮೇಲೆ ಗೊತ್ತಾಗುತ್ತದೆ, ಆ ಬ್ರಾಹ್ಮಣ ವೇಷ ಹಾಕಿದ ಅಗಸ ಅಜೀಜ್. ಸುಲ್ತಾನ ಆದರ್ಶವಾದಿ, ಅವನ ಆದರ್ಶವನ್ನು ಕಳ್ಳರು ಬಳಸಿಕೊಳ್ಳುತ್ತಾರೆ ಅಂತ ಯಾವ ಪಾತ್ರವೂ ಬಾಯಿ ಬಿಟ್ಟು ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ. ಸುಲ್ತಾನನಿಗೆ ಗೊತ್ತಿಲ್ಲದ್ದು ನಮಗೆ ಗೊತ್ತಾಗಿಬಿಟ್ಟಿದೆ, ಇನ್ನು ಎದ್ದು ಹೋಗುವುದು ಕಷ್ಟ.

ನೀವು ಇಷ್ಟು ಮಾಡಿ. ಕೋಡಿ ಇನ್ನೂ ಒಡೆದಿಲ್ಲ ಅಂತಿಟ್ಟುಕೊಳ್ಳಿ. ತೂಬು ಎತ್ತಿದರೆ ಕೆಳಗಿನ ಗದ್ದೆ ಹೋಗುತ್ತದೆ, ಎತ್ತದಿದ್ದರೆ ಏರಿ ಹೋಗುತ್ತದೆ. ಗದ್ದೆ ಗೌಡರದು. ಕೀಲಿ ನೀರಗಂಟಿಯ ಹತ್ತಿರ ಇದೆ. ಮಳೆಯ ಸದ್ದಿಗೆ ಒಂದು ತಗಡು, ಒಂದಿಷ್ಟು ಮರಳು ಸಾಕು. ಏರಿಗೆ ನಾಲ್ಕು ಬೆಂಚು ಜೋಡಿಸಿ.

ಇನ್ನೊಂದು ಮಾತು, ಮೈಕಿನದು. ಶಾಲೆಯ ನಾಟಕಗಳನ್ನು ಲೈಟು ಇಲ್ಲದ್ದಕ್ಕಿಂತ ಜಾಸ್ತಿ ಕೆಡಿಸುವುದು ನಡುವೆ ನಿಲ್ಲಿಸಿದ ಆ ಒಂದೇ ಮೈಕು. ಮಕ್ಕಳು ಸರದಿಯಲ್ಲಿ ಅದರ ಮುಂದೆ ಬಂದು ಮಾತು ಒಪ್ಪಿಸಿ ಹಿಂದೆ ಸರಿಯುತ್ತಾರೆ. ಅಪ್ಪನ ಪಾತ್ರದವನು ಮಗನಿಗೆ ಬೈಯುವುದೂ ಮೈಕಿಗೇ. ಅದನ್ನು ತೆಗೆಸಿಬಿಡಿ. ಪ್ರೇಕ್ಷಕರನ್ನು ಮೂರು ಕಡೆ ಹತ್ತಿರ ಕೂರಿಸಿ, ಮಕ್ಕಳಿಗೆ ದನಿ ಎತ್ತಿ ಮಾತಾಡುವ ಅಭ್ಯಾಸ ಮಾಡಿಸಿ. ಎದುರಿನವನ ಮುಖ ನೋಡಿ ಮಾತಾಡಿದರೆ ಅರ್ಧ ಅಭಿನಯ ತಾನಾಗಿಯೇ ಬರುತ್ತದೆ.

ಪ್ರೇಕ್ಷಕರೂ ಒಂದು ಅಂಗ ಎಂದೆನಲ್ಲ, ಅವರು ಎಚ್ಚರವಾಗಿರುವಾಗ ನಾಟಕ ಶುರುವಾಗಲಿ. ಸ್ವಾಗತ, ವರದಿ, ಬಹುಮಾನ, ಭಾಷಣ ಎಲ್ಲ ಆಮೇಲೆ ಇಟ್ಟುಕೊಳ್ಳಲಿ. ಮುಖ್ಯ ಅತಿಥಿಗಳು ಒಪ್ಪಲಿಕ್ಕಿಲ್ಲ. ಆದರೂ ಹೆಡ್‌ಮಾಸ್ಟರನ್ನು ಒಮ್ಮೆ ಕೇಳಿ ನೋಡಿ.

— ಸಂ.