ತಡವಾಗಿ ಬಂದ ವಾಚು: ವಾಪಸ್ ಕಳಿಸೋದಾ, ಕೊಡೋದಾ?

ಮನೆಯವರ ಹುಟ್ಟುಹಬ್ಬಕ್ಕೆ ಗುಟ್ಟಾಗಿ ತರಿಸಿದ ವಾಚು ಮೂರು ವಾರ ತಡವಾಗಿ ತುಮಕೂರಿಗೆ ಬಂತು, ಈಗ ಮಾರಿದವರು ವಾಪಸ್ ತಗೊಳ್ಳಲ್ಲ ಅಂತಿದ್ದಾರೆ ಅಂದಿರಿ. ಹಾಗನ್ನೋಕೆ ಬರಲ್ಲ ಸರ್. 2020ರ ಗ್ರಾಹಕ ರಕ್ಷಣಾ ಇ-ಕಾಮರ್ಸ್ ನಿಯಮದ ಪ್ರಕಾರ, ಹೇಳಿದ ದಿನಕ್ಕಿಂತ ತಡವಾಗಿ ಬಂದ ಮಾಲನ್ನು ಮಾರಿದವರು ವಾಪಸ್ ತಗೊಳ್ಳಲೇಬೇಕು. ಪ್ರವಾಹದಂಥ ಕೈಮೀರಿದ ಕಾರಣವಿದ್ದರೆ ಮಾತ್ರ ಬೇರೆ ಮಾತು. ಆರ್ಡರ್ ಮಾಡಿದಾಗ ತೋರಿಸಿದ ತಾರೀಕಿನ ಸ್ಕ್ರೀನ್‌ಶಾಟ್, ಡಬ್ಬದ ಮೇಲಿನ ಚೀಟಿ ಎರಡೂ ಎತ್ತಿಟ್ಟುಕೊಳ್ಳಿ. ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ, 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು. ಜಗ್ಗದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಆದರೆ ವಾಚು ಚೆನ್ನಾಗಿದ್ದರೆ ವಾಪಸ್ ಯಾಕೆ? ಕೊರಿಯರ್‌ನವನು ಬೆಲ್ ಒತ್ತಿದಾಗ ಬಾಗಿಲು ತೆಗೆದವರು ಯಾರು? ಅವರಿಗಾಗಲೇ ಗೊತ್ತಿರುತ್ತೆ. ಭಾನುವಾರ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನಿಸಿ, ಅಲ್ಲೇ ಕೈಗೆ ಕಟ್ಟಿ. ಬಿಲ್ ಮಾತ್ರ ತೋರಿಸಬೇಡಿ.