ಕಲ್ಲು ಎಷ್ಟು ದೂರ ಹೋಗುತ್ತದೆ?

ಪತ್ರ: ಮೇ ಸಂಚಿಕೆಯಲ್ಲಿ ಅಮೆರಿಕದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಮೇಲೆ ನಡೆದ ಗೋಲಿಬಾರ್ ಬಗ್ಗೆ ಬಂದ ‘13 ಸೆಕೆಂಡು’ ಲೇಖನ ಓದಿ ಬೇಸರವಾಯಿತು. ಕಟ್ಟಡಕ್ಕೆ ಬೆಂಕಿ ಇಟ್ಟು ಕಲ್ಲು ತೂರಿದವರು ನಿಮಗೆ ಅಮಾಯಕರು, ಸೇನೆ ಮಾತ್ರ ಕೊಲೆಗಾರ. ಕಲ್ಲೇಟು ತಿನ್ನುತ್ತಾ ನಿಂತವನು ಏನು ಮಾಡಬೇಕಿತ್ತು ಹೇಳಿ?
– ನಿವೃತ್ತ ಸೈನಿಕ, ಹಾಸನ

ಸಂಪಾದಕರ ಉತ್ತರ: ನಮಸ್ಕಾರ ಸರ್. ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ಅಲ್ಲಿದ್ದದ್ದು ಸೇನೆ ಅಲ್ಲ, ಒಹಾಯೊ ರಾಜ್ಯದ ನ್ಯಾಷನಲ್ ಗಾರ್ಡ್, ಅಂದರೆ ರಾಜ್ಯದ ಗವರ್ನರ್ ಕರೆದಾಗ ಬರುವ ಅರೆಕಾಲಿಕ ಪಡೆ. ಅವರು ಕೆಂಟ್‌ಗೆ ಬಂದದ್ದೇ ಲಾರಿ ಚಾಲಕರ ಮುಷ್ಕರದ ಬಂದೋಬಸ್ತ್‌ನಿಂದ. ಸರಿಯಾಗಿ ನಿದ್ದೆ ಇರಲಿಲ್ಲ. ಕಲ್ಲು ಬಿದ್ದದ್ದೂ ನಿಜ. 1970ರ ಏಪ್ರಿಲ್ 30ರಂದು ಅಧ್ಯಕ್ಷ ನಿಕ್ಸನ್, ವಿಯೆಟ್ನಾಂ ಯುದ್ಧ ಸಾಲದೆಂಬಂತೆ ಕಾಂಬೋಡಿಯಾಕ್ಕೂ ಸೈನ್ಯ ನುಗ್ಗಿಸಿದ್ದನ್ನು ಟಿವಿಯಲ್ಲಿ ಹೇಳಿದರು. ಅದರ ವಿರುದ್ಧ ವಿದ್ಯಾರ್ಥಿಗಳು ಪ್ರತಿಭಟನೆಗಿಳಿದರು. ಎರಡೇ ದಿನಕ್ಕೆ ಕ್ಯಾಂಪಸ್‌ನ ಆರ್‌ಒಟಿಸಿ ಕಟ್ಟಡ ಸುಟ್ಟುಹೋಯಿತು. ಆರ್‌ಒಟಿಸಿ ಅಂದರೆ ಹೆಚ್ಚುಕಡಿಮೆ ನಮ್ಮ ಎನ್‌ಸಿಸಿ ಥರ. ಇದನ್ನೆಲ್ಲ ನಾವು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟೆವು.

ಆದರೆ ಸರ್, ಸ್ವಲ್ಪ ದೂರ ಅಳೆದು ನೋಡೋಣ.

ಮೇ 4, ಮಧ್ಯಾಹ್ನ 12.24. ಗುಡ್ಡ ಹತ್ತಿದ ಗಾರ್ಡ್ ತುಕಡಿ ತುದಿಯಲ್ಲಿ ಥಟ್ಟನೆ ಹಿಂದಕ್ಕೆ ತಿರುಗಿತು. 28 ಜನ 13 ಸೆಕೆಂಡು ಗುಂಡು ಹಾರಿಸಿದರು. ಕೆಲವರು ಆಕಾಶಕ್ಕೆ, ಕೆಲವರು ನೆಲಕ್ಕೆ. ಉಳಿದವರು ನೇರವಾಗಿ. ಸತ್ತ ನಾಲ್ವರಲ್ಲಿ ಅತಿ ಹತ್ತಿರ ಇದ್ದದ್ದು ಜೆಫ್ರಿ ಮಿಲ್ಲರ್, ಸುಮಾರು 265 ಅಡಿ ಆಚೆ. ನಮ್ಮ ಕ್ರಿಕೆಟ್ ಮೈದಾನದಲ್ಲಿ ಪಿಚ್‌ನಿಂದ ಬೌಂಡರಿ ಕೂಡ ಅಷ್ಟು ದೂರ ಇರುವುದು ಅಪರೂಪ. ಆಲಿಸನ್ ಕ್ರೌಸ್ 340 ಅಡಿ ದಾಟಿ. ವಿಲಿಯಂ ಶ್ರೋಡರ್, ಸಾಂಡ್ರಾ ಶೂಯರ್ ಇನ್ನೂ ಆಚೆ, 400 ಅಡಿಯ ಹತ್ತಿರ ಹತ್ತಿರ. ಅಲ್ಲಿಂದ ಯಾವ ಹುಡುಗಿ ಕಲ್ಲು ಎಸೆದು ಯಾರ ತಲೆ ಒಡೆದಾಳು? ಸಾಂಡ್ರಾ ಪ್ರತಿಭಟನೆಗೆ ಬಂದವಳೂ ಅಲ್ಲ, ಕ್ಲಾಸಿಗೆ ಹೊರಟವಳು. ಶ್ರೋಡರ್ ಯಾರು ಗೊತ್ತಾ? ಸ್ವತಃ ಆರ್‌ಒಟಿಸಿ ವಿದ್ಯಾರ್ಥಿ. ಬದುಕಿದ್ದರೆ ನಿಮ್ಮ ಹಾಗೆ ಸಮವಸ್ತ್ರ ಹಾಕುತ್ತಿದ್ದನೇನೋ.

ಗಾಯಗೊಂಡವರು ಒಂಬತ್ತು ಜನ. ಅವರಲ್ಲಿ ಡೀನ್ ಕೇಲರ್ ಗುಂಡಿನ ಸದ್ದಿಗೆ ಹುಲ್ಲಿನ ಮೇಲೆ ಬೋರಲು ಮಲಗಿದ್ದ. ಹಾಗೆ ಮಲಗಿದ್ದವನ ಬೆನ್ನಿಗೆ ಗುಂಡು ಬಿತ್ತು. ಆಮೇಲೆ ಅವನು ನಡೆಯಲಿಲ್ಲ.

ಕ್ಯಾಂಪಸ್‌ನ ಟೇಲರ್ ಹಾಲ್ ಕಟ್ಟಡದ ಹೊರಗೆ ಉಕ್ಕಿನ ಒಂದು ಶಿಲ್ಪ ಇದೆ. ಅವತ್ತಿನ ಒಂದು ಗುಂಡು ಅದನ್ನು ತೂರಿಕೊಂಡು ಹೋಗಿದೆ. ಆ ತೂತು ಇವತ್ತಿಗೂ ಹಾಗೇ ಇದೆ. ಗಾರ್ಡ್ ಕೈಲಿದ್ದದ್ದು ಎಂ1, ಯುದ್ಧಕ್ಕೆ ಮಾಡಿದ ರೈಫಲ್. ಅದನ್ನು ಲೋಡ್ ಮಾಡಿ ಕಾಲೇಜಿಗೆ ಕಳಿಸಿದವರ ಮೇಲೆ ನನಗೆ ಸಿಟ್ಟು ಜಾಸ್ತಿ, ಟ್ರಿಗರ್ ಒತ್ತಿದ ಹುಡುಗರ ಮೇಲೆ ಕಡಿಮೆ.

ಇದು ಸುಮ್ನೆ ನಮ್ಮ ಅಭಿಪ್ರಾಯ ಅಲ್ಲ. ನಿಕ್ಸನ್ ಅವರೇ ನೇಮಿಸಿದ ಸ್ಕ್ರ್ಯಾಂಟನ್ ಆಯೋಗವೂ ಈ ಗೋಲಿಬಾರ್ ಬೇಕಿರಲಿಲ್ಲ, ಕ್ಷಮಿಸುವಂಥದ್ದಲ್ಲ ಎಂದಿತು. ಎಂಟು ಗಾರ್ಡ್‌ಗಳ ಮೇಲಿನ ಕೇಸು 1974ರಲ್ಲಿ ಕೋರ್ಟಿನಲ್ಲಿ ಬಿದ್ದುಹೋಯಿತು, ಅದೂ ನಿಜ. ಗುಂಡು ಹಾರಿಸಿ ಎಂದು ಯಾರಾದರೂ ಆರ್ಡರ್ ಕೊಟ್ಟಿದ್ದರಾ ಎಂಬ ಜಗಳ ಇನ್ನೂ ಮುಗಿದಿಲ್ಲ.

ಆರ್ಡರ್ ಇಲ್ಲದೆ 28 ಜನ ಒಟ್ಟಿಗೆ ಗುಂಡು ಹಾರಿಸುತ್ತಾರಾ? ಇದಕ್ಕೆ ಉತ್ತರ ನನಗಿಂತ ನಿಮಗೇ ಚೆನ್ನಾಗಿ ಗೊತ್ತಿರುತ್ತದೆ, ಅಲ್ವಾ? ದಯವಿಟ್ಟು ಬರೆದು ಕಳಿಸಿ, ಪ್ರಕಟಿಸುತ್ತೇವೆ. ‘ಸೇನೆ’ ಅನ್ನುವ ಪದಕ್ಕೆ ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕುತ್ತೇವೆ. ‘ಅಮಾಯಕರು’ ಅನ್ನುವುದನ್ನು ಮಾತ್ರ ಹಾಗೇ ಬಿಡುತ್ತೇವೆ.